ನಾನೂರ ಹದಿನಾಲ್ಕು ಬಗೆಯ ರೊಟ್ಟಿ

ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟು, ಬಿಸಿ ನೀರು, ಅಂಚಿನಲ್ಲಿ ತುಸು ಕರಕಲು, ಎಲ್ಲ ಕೂಡಿದ ವಾಸನೆ. ಒಂದು ಉಸಿರಿನಷ್ಟು ಹೊತ್ತು ಇದ್ದು ಹೊರಟುಹೋಗುತ್ತದೆ. ನೀಲಗಂಗಾಳ ಬಾಲ್ಯವೆಲ್ಲ ಆ ಉಸಿರಿನೊಳಗೇ ಇತ್ತು. ಹುಬ್ಬಳ್ಳಿಯ ಕಂಬಾರಸಾಲಿನಲ್ಲಿದ್ದ ತಮ್ಮ ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಅವಳು ಪಾಠ ಓದುತ್ತಿದ್ದರೆ, ಅಕ್ಕ ಕಾಶವ್ವ ಅಲ್ಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವ್ವ ಅಪ್ಪ ಒಂದೇ ವರ್ಷದಲ್ಲಿ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ನೀಲಗಂಗಾಳಿಗೆ ಒಂಬತ್ತು. ಅಂದಿನಿಂದ ನೀಲಗಂಗಾ ಬಿ.ಎ. ಮುಗಿಸಿ ರೈಲ್ವೆ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರುವವರೆಗೂ ಆ ಸಪ್ಪಳ ನಿಲ್ಲಲಿಲ್ಲ. ಸೇರಿದ ಮೇಲೂ ನಿಲ್ಲಲಿಲ್ಲ ಅನ್ನಿ. ಅಕ್ಕನಿಗೆ ಅದು ರೂಢಿಯಾಗಿಬಿಟ್ಟಿತ್ತು.

ಈಗ ಅರವತ್ತೊಂದರ ನೀಲಗಂಗಾ, ಗೋಡೆಯ ತುಂಬ ಪರದೆಗಳಿದ್ದ ತಂಪು ಕೋಣೆಯಲ್ಲಿ ಕೂತು ಆ ವಾಸನೆಯನ್ನೇ ನೆನೆಸುತ್ತಿದ್ದಳು. ಎದುರಿನ ಪರದೆಯ ಮೇಲೆ ಒಂದು ಊರಿತ್ತು. ಚೌಕ ಚೌಕ ಮಣ್ಣಿನ ಹೊಲಗಳು, ಚೌಕ ಚೌಕ ಮರಗಳು, ತೆನೆ ಬಿಟ್ಟ ಜೋಳ, ಗಿರಣಿ, ಕುರಿಯ ದೊಡ್ಡಿ, ಒಲೆ, ಒಲೆಯಲ್ಲಿ ಬೆಂಕಿ. ಎಲ್ಲವೂ ಇತ್ತು. ವಾಸನೆ ಮಾತ್ರ ಇರಲಿಲ್ಲ.

ಊರಿಗೆ ಹೊಸೂರು ಎಂದು ಹೆಸರು. ಅದೊಂದು ವಿಡಿಯೋ ಗೇಮ್. ಪಾರ್ಶ್ವವಾಯು ಬಡಿದವರ ಕೈ ಪಳಗಿಸುವ ಈ ಕೇಂದ್ರದಲ್ಲಿ ಅದೇ ಔಷಧ. ರೋಗಿಗಳು ತೆಳ್ಳನೆಯ ಕೈಗವಸು ತೊಟ್ಟು, ಕಣ್ಣಿಗೆ ಕನ್ನಡಕ ಏರಿಸಿ ಹೊಸೂರಿಗೆ ಇಳಿಯುತ್ತಿದ್ದರು. ಕೈಗವಸಿನೊಳಗಿನ ಸಣ್ಣ ಎಳೆಗಳು ಬೇಕೆಂದಾಗ ಬಿಗಿದು, ಬೇಕೆಂದಾಗ ಸಡಿಲಾಗಿ, ಇಲ್ಲದ ಕುಡುಗೋಲು ಇದ್ದಂತೆ, ಇಲ್ಲದ ಹಿಟ್ಟು ಬೆರಳಿಗೆ ಅಂಟಿದಂತೆ ಮಾಡುತ್ತಿದ್ದವು. ಬೆರಳು ಒಂದು ಕೂದಲೆಳೆಯಷ್ಟು ಅಲುಗಿದರೂ ಹೊಸೂರಿನಲ್ಲಿ ಅದು ಲೆಕ್ಕಕ್ಕೆ ಬರುತ್ತಿತ್ತು. ಕೈಯಿಂದ ಮಾಡಿದ ಪ್ರತಿ ವಸ್ತುವೂ ಮಾಡಿದವರ ಕೈಗುರುತನ್ನು ಹೊತ್ತಿರುತ್ತಿತ್ತು. ನಡುಗಿದ ಕೈಯ ಗಡಿಗೆ ನಡುಗಿದ ಹಾಗೆಯೇ, ಸೊಟ್ಟ ಹೊಲಿಗೆ ಸೊಟ್ಟಾಗಿಯೇ. ಜನ ತಮಗೆ ಬೇಕಾದ ಹೊಸ ಭಾಗಗಳನ್ನು ತಾವೇ ಬರೆದು ಸೇರಿಸಬಹುದಾದ ಆಟ ಅದು. ಅಂಥ ಸೇರಿಕೆಗೆ ಮಾಡ್ ಅನ್ನುತ್ತಾರೆ. ಕೈಗವಸಿನ ಮಾಡ್ ಬರೆದವಳು ಕೇಂದ್ರದ ರುಕ್ಸಾನಾ ನದಾಫ. ಮೂವತ್ತರ ಆಸುಪಾಸಿನ ಹುಡುಗಿ. ಯಾರ ಜೊತೆ ಮಾತಾಡುವಾಗಲೂ ಬಗ್ಗಿ ಅವರ ಕಣ್ಣಿನ ಮಟ್ಟಕ್ಕೆ ಬಂದು ಮಾತಾಡುವವಳು.

ಕಾಶವ್ವನಿಗೆ ಎಪ್ಪತ್ತೊಂದನೆಯ ವರ್ಷದಲ್ಲಿ, ಹಂಚಿನ ಮುಂದೆಯೇ, ಬಲಗೈ ಬಿದ್ದುಹೋಯಿತು. ಮಾತೂ ನಿಂತಿತ್ತು. ಅದು ಎರಡು ವಾರಕ್ಕೆ ಮರಳಿತು. ಬಂದ ಮೊದಲ ಮಾತು ಗಂಜಿ ತಂದವಳಿಗೆ ಬೈಗುಳ. ಕೈ ಮಾತ್ರ ಮಡಿಚಿಟ್ಟ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನೂರು ದಿನ ಇಲ್ಲೇ ಇರಬೇಕು ಎಂದರು ಡಾಕ್ಟರು. ಬರುವುದಿದ್ದರೆ ಹೆಚ್ಚಿನದು ಈ ನೂರು ದಿನಗಳಲ್ಲೇ ಬರುತ್ತದೆ, ಆಮೇಲೆ ಬಂದರೂ ಬಹಳ ನಿಧಾನ ಎಂದರು. ನೀಲಗಂಗಾ ದಿನಾ ಮುಂಜಾನೆ ಬಂದು, ಒಂದು ಗಂಟೆಗೆ ಮನೆಗೆ ಹೋಗಿ, ಸಂಜೆ ಐದಕ್ಕೆ ಡಬ್ಬಿ ತರುತ್ತಿದ್ದಳು.

ಮೊದಲ ಐವತ್ತು ದಿನ ಅಕ್ಕನ ಕೈಯನ್ನು ಬೇರೆಯವರೇ ಎತ್ತಿ ಇಳಿಸುತ್ತಿದ್ದರು. ಕೈಗವಸು ತೊಡುವಷ್ಟು ಜೀವ ಇನ್ನೂ ಅದರಲ್ಲಿ ಇರಲಿಲ್ಲ. ಆ ದಿನಗಳಲ್ಲಿ ಸುಮ್ಮನೆ ಕೂರಲಾರದ ನೀಲಗಂಗಾ ಪರದೆಯ ಕೋಣೆಗೆ ಬಂದು ಹೊಸೂರನ್ನು ನೋಡುತ್ತಿದ್ದಳು. ನೋಡಿ ನೋಡಿ ಅವಳ ಕೈ ತುರಿಸತೊಡಗಿತು.

ಹೊಸೂರಿನ ಉಗ್ರಾಣ ಅಷ್ಟು ಗಲೀಜಾಗಿತ್ತು.

ನಲವತ್ತು ಪೆಟ್ಟಿಗೆ, ಯಾವುದರಲ್ಲಿ ಏನಿದೆ ಯಾರಿಗೂ ಗೊತ್ತಿಲ್ಲ. ಜೋಳದ ಜೊತೆ ಇದ್ದಿಲು, ಇದ್ದಿಲ ಕೆಳಗೆ ಉಣ್ಣೆ, ಉಣ್ಣೆಯೊಳಗೆ ಮೂರು ಮೊಟ್ಟೆ. ತುಕಾರಾಮ ಟೇಲರ್ ಎಂಬ ರೋಗಿಯೊಬ್ಬರು ಒಂದು ಸೂಜಿಗಾಗಿ ಮುಕ್ಕಾಲು ತಾಸು ಪೆಟ್ಟಿಗೆ ಪೆಟ್ಟಿಗೆ ತೆರೆದು, ಕಡೆಗೆ ಕನ್ನಡಕ ತೆಗೆದಿಟ್ಟು, "ನನ್ನ ಅಂಗಡ್ಯಾಗ ಹಿಂಗ ಇಟ್ಟಿದ್ರ ನಮ್ಮಪ್ಪ ಗಜಕಡ್ಡಿಲೆ ಹೊಡೀತಿದ್ದ" ಎಂದರು.

ಮೂವತ್ತಮೂರು ವರ್ಷ ಬೋಲ್ಟು, ಬೇರಿಂಗು, ಬ್ರೇಕಿನ ಬ್ಲಾಕುಗಳನ್ನು ಅದರದರ ಖಾನೆಯಲ್ಲಿ ಕೂರಿಸಿದ ಹೆಂಗಸಿಗೆ ಇದನ್ನು ನೋಡುತ್ತ ಕೂರುವುದು ಹೇಗೆ ಸಾಧ್ಯ? ಉಗ್ರಾಣದ ಕಿಟಕಿಗೆ ಬಂದವರು ಬರಿಗೈಯಲ್ಲಿ ಮರಳಬಾರದು ಎನ್ನುವುದು ಅವಳ ವ್ರತವಾಗಿತ್ತು. ರುಕ್ಸಾನಾಳನ್ನು ಕೇಳಿದಳು. ರುಕ್ಸಾನಾ ಉಗ್ರಾಣದ ಮಾಡ್ ಒಂದನ್ನು ಹಾಕಿಕೊಟ್ಟು, ಎರಡು ದಿನ ಪಕ್ಕದಲ್ಲಿ ಕೂತು ಕಲಿಸಿದಳು.

ಅದೇನೂ ಕಷ್ಟದ್ದಲ್ಲ. ಪೆಟ್ಟಿಗೆಗಳ ಬದಲು ಕಪಾಟುಗಳು, ಕಪಾಟುಗಳನ್ನೆಲ್ಲ ಜೋಡಿಸುವ ಒಂದು ತಂತಿ, ತಂತಿಯ ತುದಿಗೆ ಒಂದು ಕಿಟಕಿ. ಯಾವ ಮೂಲೆಯಲ್ಲಿ ಏನು ಹಾಕಿದರೂ ತಂತಿಯ ಗುಂಟ ಹೋಗಿ ತನ್ನ ಜಾಗ ಸೇರುತ್ತದೆ. ಕಿಟಕಿಯಲ್ಲಿ ಹೆಸರು ಹೇಳಿದರೆ ಕೈಗೆ ಬರುತ್ತದೆ. ಅದರ ಮುಂದಿನ ಹೆಜ್ಜೆ ನೀಲಗಂಗಾಳಿಗೆ ಇನ್ನೂ ಹಿಡಿಸಿತು. ಒಂದು ವಸ್ತುವನ್ನು ಹೇಗೆ ಮಾಡಬೇಕೆಂದು ಒಂದು ಸಲ ಬರೆದು ಯಂತ್ರಕ್ಕೆ ಕೊಟ್ಟರೆ, ಸಂಗ್ರಹ ಕಡಿಮೆಯಾದಾಗ ಅದು ತಾನೇ ಮಾಡಿಟ್ಟುಕೊಳ್ಳುತ್ತದೆ. ಸೂಜಿ ಹತ್ತಕ್ಕಿಂತ ಕಡಿಮೆಯಾದರೆ ಸೂಜಿ. ಕಂಬಳಿ ಐದಕ್ಕಿಂತ ಕಡಿಮೆಯಾದರೆ ಕುರಿಯ ಉಣ್ಣೆ ಕತ್ತರಿಸಿ, ನೂಲು ತೆಗೆದು, ಕಂಬಳಿ. ಕಾರ್ಖಾನೆಯಲ್ಲಿ ಅವಳು ಮೂವತ್ತಮೂರು ವರ್ಷ ಕಂಡ ಕನಸು ಇದು. ಕಿಟಕಿಯ ಪಟ್ಟಿಯನ್ನೂ ತನ್ನ ಹಳೆಯ ಅಭ್ಯಾಸದಂತೆಯೇ ಹೊಂದಿಸಿಕೊಂಡಳು. ಯಾವುದು ಕಡಿಮೆ ಬಿದ್ದಿದೆಯೋ ಅದು ಮಾತ್ರ ಕಣ್ಣಿಗೆ ಬೀಳಬೇಕು. ಇರುವುದನ್ನು ನೋಡಿ ಮಾಡುವುದೇನು? ಉಗ್ರಾಣದವರ ಕಣ್ಣು ಯಾವಾಗಲೂ ಇಲ್ಲದ್ದನ್ನೇ ನೋಡುತ್ತದೆ.

ರೋಗಿಗಳು ಖುಷಿಯಾದರು. "ಬಾಯಾರ, ನೀವು ಬಂದಮ್ಯಾಲೆ ಹೊಸೂರು ಸುಧಾರಿಸ್ತು ನೋಡ್ರಿ" ಎಂದರು ತುಕಾರಾಮ ಟೇಲರ್.

ಕೊನೆಗೆ ಅಕ್ಕನಿಗಾಗಿ ಒಂದು ಯಂತ್ರ ಮಾಡಿದಳು. ಹಿಟ್ಟು, ನೀರು, ಬೆಂಕಿ. ಜೋಳದ ರೊಟ್ಟಿ ಯಾವತ್ತೂ ಅರವತ್ತನಾಲ್ಕು ಇರಬೇಕು. ಐವತ್ತೆರಡು ವರ್ಷ ಒಲೆಯ ಮುಂದೆ ಬೆಂದವಳು ಇಲ್ಲಾದರೂ ಆರಾಮಾಗಿ ಇರಲಿ ಎಂದುಕೊಂಡಳು.

ಐವತ್ತೊಂದನೆಯ ದಿನ ಕಾಶವ್ವ ಕೈಗವಸು ತೊಟ್ಟು ಹೊಸೂರಿಗೆ ಇಳಿದಳು. ತಂಗಿ ಪಕ್ಕದಲ್ಲೇ ಇನ್ನೊಂದು ಕನ್ನಡಕ ಹಾಕಿಕೊಂಡು ಊರು ತೋರಿಸಿದಳು. ಹೊಲ, ಗಿರಣಿ, ಕಡೆಗೆ ಉಗ್ರಾಣದ ಕಿಟಕಿ.

"ಇದೇನ ಇದು?"

"ರೊಟ್ಟಿ ಅಕ್ಕಾ. ನೀ ಬರೂದರಾಗ ತಯಾರ ಮಾಡಿ ಇಟ್ಟೀನಿ."

"ಯಾರ ಬಡದ್ರು?"

"ಯಾರೂ ಬಡಿಯೂದಿಲ್ಲ. ಯಂತ್ರ ಮಾಡತೈತಿ. ತಗದಷ್ಟೂ ಮತ್ತ ತುಂಬತೈತಿ."

ಕಾಶವ್ವ ಅರವತ್ತನಾಲ್ಕು ರೊಟ್ಟಿಗಳ ಅಡಕಲನ್ನು ಸ್ವಲ್ಪ ಹೊತ್ತು ನೋಡಿದಳು. "ಎಲ್ಲಾ ಒಂದ ಅಳತಿ ಅದಾವು."

"ಹೌದಲ್ಲ!" ನೀಲಗಂಗಾ ಹಿಗ್ಗಿದಳು.

"ಚಲೋ ಆತು ಬಿಡು. ನನ್ನ ಕೆಲಸ ಮುಗೀತು." ಕಾಶವ್ವ ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದು ಕೈಗವಸು ಕಳಚಿದಳು. "ಇದು ನಿನ್ನ ಆಟ ನೀಲಾ. ನೀನ ಆಡು. ನನ್ನ ಹಾಸಿಗಿ ಕಡೆ ಕರಕೊಂಡ ನಡಿ."

ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ರುಕ್ಸಾನಾ ನೀಲಗಂಗಾಳ ಪಕ್ಕ ಬಂದು ಕೂತಳು. ಕೂರುವ ಮೊದಲು ತನ್ನ ಪರದೆಯನ್ನು ಬೇರೆಯವರಿಗೆ ಕಾಣದ ಹಾಗೆ ಅವಳ ಕಡೆಗೆ ತಿರುಗಿಸಿದಳು.

"ನೀಲಕ್ಕಾರ, ಒಂದ ಮಾತ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಎಲ್ಲಾರೂ ದಿನಾ ಎಷ್ಟು ಹೊತ್ತು ಕೈ ಆಡಸ್ತಾರ ಅನ್ನೂದರ ಗೆರಿ. ಇಲ್ಲಿ ನಿಮ್ಮ ಉಗ್ರಾಣ ಶುರು ಆತು."

ಗೆರೆ ಅಲ್ಲಿಂದ ಇಳಿಜಾರು ಹಿಡಿದಿತ್ತು. ಬೆಟ್ಟ ಇಳಿಯುವ ಹಾಗೆ.

ನೀಲಗಂಗಾ ಆ ಗೆರೆಯ ಮೇಲೆ ಬೆರಳಾಡಿಸಿದಳು. ಸೂಜಿ ಹುಡುಕುವಾಗ ತುಕಾರಾಮ ಟೇಲರ್ ನಲವತ್ತು ಮುಚ್ಚಳ ಎತ್ತಿದ್ದರು, ನಲವತ್ತು ಮುಚ್ಚಳ ಇಳಿಸಿದ್ದರು. ಆ ಬೈದಾಟವೇ ಅವರಿಗೆ ಔಷಧವಾಗಿತ್ತು. ತಾನು ಅದನ್ನು ಗುಡಿಸಿ ಅಚ್ಚುಕಟ್ಟು ಮಾಡಿಬಿಟ್ಟಿದ್ದಳು.

"ತಪ್ಪು ನಿಮ್ಮದಲ್ರಿ," ರುಕ್ಸಾನಾ ಅಂದಳು. "ಕಲಿಸಿದಾಕಿ ನಾನು."

"ನೀ ಕೀಲಿ ಕೊಟ್ಟಿ. ಬಾಗಲಾ ಹಾಕಿದಾಕಿ ನಾನವಾ."

ಅವತ್ತೇ ರೊಟ್ಟಿಯ ಯಂತ್ರ ಕಳಚಿದಳು. ಉಳಿದವನ್ನು ಒಂದೊಂದಾಗಿ, ಅದರದರ ಕಸುಬಿನವರನ್ನು ಕೇಳಿ ಕಳಚಿದಳು. ಹೊಲಿಗೆ ತುಕಾರಾಮ ಟೇಲರಿಗೆ ಮರಳಿತು. ಆದರೆ ಅವರು ಉಣ್ಣೆಯ ವಿಷಯದಲ್ಲಿ ಪಟ್ಟು ಬಿಡಲಿಲ್ಲ. "ಬಾಯಾರ, ಕಂಬಳಿ ಎಷ್ಟ ಬೇಕ ಹೇಳ್ರಿ, ಹೊಲೀತೀನಿ. ಕುರಿ ಹಿಂದ ಓಡಂದ್ರ ನಾ ಒಲ್ಲೆ. ಅದು ಟೇಲರ್ ಕೆಲಸ ಅಲ್ಲ." ಹಾಗಾಗಿ ಕುರಿಯ ಯಂತ್ರ ಉಳಿಯಿತು. ಗೆರೆ ಮೆಲ್ಲಗೆ ಮತ್ತೆ ಏರತೊಡಗಿತು. ತುಕಾರಾಮ ಟೇಲರ ಎಡಗೈ ಹದಿನೈದು ದಿನಕ್ಕೆ ಗುಂಡಿ ಹಾಕುವಷ್ಟಾಯಿತು.

ಕಾಶವ್ವ ಮಾತ್ರ ತಂಗಿಯ ಮುಂದೆ ಕೈಗವಸು ಮುಟ್ಟಲಿಲ್ಲ.

"ಯಂತ್ರ ಕಿತ್ತು ಒಗದೀನಿ ಅಕ್ಕಾ. ಒಂದ ಸಲ ಬಂದ ನೋಡು."

"ನೋಡೀನಲ್ಲ."

ಇಷ್ಟೇ. ದಿನಗಳು ಅರವತ್ತು ದಾಟಿದವು, ಅರವತ್ತೈದು ದಾಟಿದವು. ಸಂಜೆ ನೀಲಗಂಗಾ ಡಬ್ಬಿ ಬಿಚ್ಚುತ್ತಿದ್ದಳು. ಅನ್ನ, ಸಾರು, ಪಲ್ಯ ಅವಳಿಗೆ ಬರುತ್ತಿದ್ದವು. ರೊಟ್ಟಿ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಸಂದರ್ಭವೇ ಎಂದೂ ಬಂದಿರಲಿಲ್ಲ. ಈಗ ದಿನಾ ಎರಡು ಮಾಡಲು ಹೋಗಿ, ಒಂದು ಹರಿದು, ಒಂದು ಬೂದಿಯಾಗಿ, ಉಳಿದದ್ದನ್ನು ನಾಚಿಕೆಯಿಂದ ತರುತ್ತಿದ್ದಳು. ಕಾಶವ್ವ ಗಟ್ಟಿ ಅಂಚನ್ನು ಸಾರಿನಲ್ಲಿ ನೆನೆಸಿ, ಎಡಗೈಯಿಂದ ಮುರಿದು, ಚೂರೂ ಬಿಡದೆ ಉಣ್ಣುತ್ತಿದ್ದಳು. ಊರಿಗೆಲ್ಲ ರೊಟ್ಟಿ ಹಾಕಿದವಳು!

ಅರವತ್ತೇಳನೆಯ ದಿನ ಸಂಜೆ ಬಲಗೈ ಮೊದಲಿನ ಹಾಗೆಯೇ ತೊಡೆಯ ಮೇಲೆ ಬಿದ್ದಿರುವುದನ್ನು ಕಂಡು ನೀಲಗಂಗಾಳಿಗೆ ತಡೆಯಲಾಗಲಿಲ್ಲ.

"ನಿನಗ ಗುಣ ಆಗೂ ಮನಸ್ಸ ಇಲ್ಲಕ್ಕಾ. ಎಲ್ಲಾರೂ ಬಡದಾಡಾಕತ್ತಾರ. ನೀ ಒಬ್ಬಾಕಿ ಕೈ ಬಿಟ್ಟ ಕುಂತೀದಿ. ನಾ ಏನ್ ಮಾಡ್ಲಿ ಹೇಳು, ಏನ್ ಮಾಡ್ಲಿ?"

ಕಾಶವ್ವ ತಂಗಿಯ ಮುಖ ನೋಡಿದಳು. ಕೊನೆಯ ತುತ್ತು ಮುಗಿಸಿ ಡಬ್ಬಿಯ ಮುಚ್ಚಳವನ್ನು ಎಡಗೈಯಿಂದಲೇ ಒತ್ತಿ ಹಾಕಿದಳು. "ಕತ್ತಲಾಗೂದರಾಗ ಮನಿ ಸೇರು. ಆಟೋದಾಗ ಹೋಗು, ನಡಕೋತ ಹೋಗಬ್ಯಾಡ."

ಎಂಬತ್ತೇಳನೆಯ ದಿನ ಮುಂಜಾನೆ ಹೊಸೂರಿನ ಉಗ್ರಾಣ ನಿಂತುಹೋಯಿತು.

ತುಕಾರಾಮ ಟೇಲರ್ ಹೊಸ ಬಣ್ಣದ ಕೌದಿಯೊಂದನ್ನು ಹೊಲಿದಿದ್ದರು. ಕಿಟಕಿಯಲ್ಲಿ ಇಟ್ಟರೆ ಅದು ಹಿಂದಕ್ಕೆ ಬಂತು. ಮತ್ತೆ ಇಟ್ಟರು, ಮತ್ತೆ ಬಂತು. ಕಿಟಕಿಯ ಮೇಲೆ ಕೆಂಪು ದೀಪ ಹತ್ತಿ 'ಜಾಗವಿಲ್ಲ' ಎಂದು ಬರೆಯಿತು.

"ಬಾಯಾರ, ನಿಮ್ಮ ಉಗ್ರಾಣಕ್ಕ ನನ್ನ ಕೌದಿ ಮನಸಿಗೆ ಬರವಲ್ದು!"

ರುಕ್ಸಾನಾ ಇನ್ನೂ ಬಂದಿರಲಿಲ್ಲ. ನೀಲಗಂಗಾ ಕನ್ನಡಕ ಹಾಕಿ ಹೋಗಿ ನೋಡಿದಳು. ಎಂಟು ಕಪಾಟುಗಳಲ್ಲಿ ಕಾಲು ಭಾಗವೂ ತುಂಬಿರಲಿಲ್ಲ. ಮತ್ತೆ ಜಾಗವಿಲ್ಲ ಎಂದರೇನು? ಅವಳ ತಲೆ ತಾನಾಗಿ ಕಾರ್ಖಾನೆಯ ಕಡೆ ಓಡಿತು. ಒಂದೇ ಅಳತೆಯ ಹತ್ತು ಸಾವಿರ ಬೋಲ್ಟಿಗೆ ಒಂದು ಖಾನೆ ಸಾಕು. ಹತ್ತು ಬೇರೆ ಬೇರೆ ಅಳತೆಯ ಹತ್ತೇ ಬೋಲ್ಟಿಗೆ ಹತ್ತು ಖಾನೆ ಬೇಕು. ಇಲ್ಲಿಯೂ ಒಂದು ಕಪಾಟಿಗೆ ಅರವತ್ತಮೂರು ಬಗೆ, ಎಂಟಕ್ಕೆ ಐನೂರ ನಾಲ್ಕು. ಮುಗಿದದ್ದು ಜಾಗವಲ್ಲ, ಖಾನೆಗಳು. ಆದರೆ ಹೊಸೂರಿನಲ್ಲಿ ಇದ್ದ ಸಾಮಾನೆಲ್ಲ ಸೇರಿ ತೊಂಬತ್ತು ಬಗೆ ದಾಟುವುದಿಲ್ಲ.

ಮೊದಲ ಬಾರಿಗೆ ಅವಳು ಇಲ್ಲದ್ದನ್ನು ತೋರಿಸುವ ಪಟ್ಟಿ ಬಿಟ್ಟು, ಇರುವುದನ್ನು ತೋರಿಸುವ ಪಟ್ಟಿ ತೆಗೆದಳು.

ರೊಟ್ಟಿ, ಒಂದು. ರೊಟ್ಟಿ, ಒಂದು. ರೊಟ್ಟಿ, ಒಂದು. ಪಟ್ಟಿ ಕೆಳಗೆ ಸರಿಯುತ್ತಲೇ ಹೋಯಿತು. ನಾನೂರ ಹದಿನಾಲ್ಕು ರೊಟ್ಟಿ, ನಾನೂರ ಹದಿನಾಲ್ಕು ಬಗೆ. ಒಂದರ ಮೇಲೊಂದು ಅಡಕಲಾಗದವು.

ಕಳಚಿದ ಯಂತ್ರದ್ದೇ ಏನೋ ಉಳಿದುಕೊಂಡು ಕೆಟ್ಟ ಮಾಲು ಹೆರುತ್ತಿದೆ ಎಂದುಕೊಂಡಳು. ಹಿಂದೆ ತುಕಾರಾಮ ಟೇಲರ್ ಕೌದಿ ಹಿಡಿದು ನಿಂತಿದ್ದರು. ಅವರ ಹಿಂದೆ ಇನ್ನಿಬ್ಬರು. ಎಲ್ಲವನ್ನೂ ಒಟ್ಟಿಗೆ ಆರಿಸಿ, ಸುಡುಗುಂಡಿಗೆ ಹಾಕುವ ಬಟನ್ನಿನ ಮೇಲೆ ಬೆರಳಿಟ್ಟಳು. ಒತ್ತಬೇಕು ಅಷ್ಟೆ.

ಹೊರಗೆ ಎಸೆಯುವ ಮಾಲನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡದೆ ಎಸೆಯಬಾರದು. ಇದೂ ಉಗ್ರಾಣದ ಅಭ್ಯಾಸವೇ. ಮೊದಲನೆಯದನ್ನು ಹೊರತೆಗೆದಳು.

ಅದು ರೊಟ್ಟಿಯ ಹಾಗೆ ಇರಲಿಲ್ಲ. ಹರಿದ ಮುತ್ತುಗದ ಎಲೆಯ ಹಾಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೂತು, ಉದ್ದಕ್ಕೂ ಮುಷ್ಟಿ ಎಳೆದ ಗುರುತು. ಯಂತ್ರಕ್ಕೆ ಮುಷ್ಟಿ ಇರುವುದಿಲ್ಲ. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಅವಳು ಉಗ್ರಾಣದ ಮುಂದಿನ ಹುಲ್ಲಿನ ಮೇಲೆ ಅವನ್ನು ಸಾಲಾಗಿ ಇಡತೊಡಗಿದಳು. ಪ್ರತಿಯೊಂದರ ಮೇಲೂ ಮಾಡಿದ ದಿನ, ವೇಳೆ ಬರೆದಿತ್ತು. ಮೊದಲನೆಯದು ಐವತ್ತೆರಡನೆಯ ದಿನದ್ದು. ವೇಳೆ ಮಧ್ಯಾಹ್ನ ಎರಡು ಗಂಟೆಯ ಮೇಲೆ. ಎಲ್ಲವೂ ಮಧ್ಯಾಹ್ನ ಎರಡರಿಂದ ಮೂರು. ವಾರ್ಡಿನವರೆಲ್ಲ ಮಲಗುವ ಹೊತ್ತು. ತಾನು ಮನೆಗೆ ಹೋಗಿರುವ ಹೊತ್ತು.

ತುಕಾರಾಮ ಟೇಲರ್ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಸಾಲನ್ನು ನೋಡಿದರು. ಕಪಾಟಿನಿಂದ ರೊಟ್ಟಿ ತೆಗೆದು ತೆಗೆದು ಅವಳ ಕೈಗೆ ಕೊಡುತ್ತ ನಿಂತರು.

ಐವತ್ತರ ಹೊತ್ತಿಗೆ ತೂತು ಹೋಯಿತು. ನೂರರ ಹೊತ್ತಿಗೆ ಮುಷ್ಟಿಯ ಗುರುತು ಹೋಗಿ ಎರಡು ಬೆರಳಿನ ಗುರುತು ಬಂತು. ಅರವತ್ತೇಳನೆಯ ದಿನದವು ಹನ್ನೆರಡು. ಅರವತ್ತೆಂಟನೆಯ ದಿನದವು ಇಪ್ಪತ್ತಾರು ಇದ್ದವು. ಒಂದೂ ನೆಟ್ಟಗಿರಲಿಲ್ಲ. ಯಾರೋ ಸಿಟ್ಟಿನಿಂದಲೋ ಅಳುತ್ತಲೋ ಬಡಿದ ಹಾಗೆ ಎಲ್ಲವೂ ಒಡೆದಿದ್ದವು.

ನಿನಗ ಗುಣ ಆಗೂ ಮನಸ್ಸ ಇಲ್ಲಕ್ಕಾ. ಆ ಮಾತಿನ ಮರುದಿನ.

ನೀಲಗಂಗಾ ಹುಲ್ಲಿನ ಮೇಲೆ ಕೂತುಬಿಟ್ಟಳು.

ಆದರೂ ಅನುಮಾನವೊಂದು ಉಳಿದಿತ್ತು. ವಾರ್ಡಿನಲ್ಲಿ ಬೇರೆ ಯಾರಾದರೂ ಇರಬಹುದಲ್ಲ? ಇನ್ನೂರ ಹನ್ನೊಂದನೆಯ ರೊಟ್ಟಿ ಆ ಅನುಮಾನ ತೀರಿಸಿತು. ಕಾಶವ್ವನಿಗೆ ಒಂದು ಅಭ್ಯಾಸವಿತ್ತು. ಬಡಿದ ರೊಟ್ಟಿಯನ್ನು ಹಂಚಿಗೆ ಎತ್ತುವಾಗ ಅದರ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದಳು. ಕಂಬಾರಸಾಲಿನ ಖಾನಾವಳಿಯ ಪ್ರತಿ ರೊಟ್ಟಿಯ ಮೇಲೂ ಆ ಕುಳಿ ಇರುತ್ತಿತ್ತು. ಸಣ್ಣವಳಿದ್ದಾಗ ನೀಲಗಂಗಾ ಆ ಕುಳಿಯಲ್ಲಿ ಬೆಣ್ಣೆ ಇಡಿಸಿಕೊಂಡು ಮೊದಲು ಅದನ್ನೇ ತಿನ್ನುತ್ತಿದ್ದಳು. ಕಾಯಿಲೆಯಲ್ಲಿ ಎಲ್ಲಕ್ಕಿಂತ ಪೂರ್ತಿ ಸತ್ತದ್ದು ಹೆಬ್ಬೆರಳೇ. ಬಹುಶಃ ಬರುವುದಿಲ್ಲ ಎಂದಿದ್ದರು ಡಾಕ್ಟರು.

ಇನ್ನೂರ ಹನ್ನೊಂದನೆಯ ರೊಟ್ಟಿಯ ಅಂಚಿನಲ್ಲಿ, ನೊಣ ಕೂತು ಎದ್ದಷ್ಟು ತೆಳುವಾಗಿ, ಒಂದು ಕುಳಿ ಇತ್ತು.

ರುಕ್ಸಾನಾ ಬಂದಾಗ ನೀಲಗಂಗಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹುಡುಗಿ ಪರದೆಯ ಮೇಲಿನ ಸಾಲನ್ನು ಕಂಡವಳೇ ಅವಳ ಪಕ್ಕ ಕೆಳಗೆ ಕೂತಳು.

"ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಿದ್ರರಿ. ದಿನಾ ನೀವು ಆಟೋ ಹತ್ತಿದ್ದು ಕಿಟಕ್ಯಾಗ ನೋಡಿ, ಆಮ್ಯಾಲೆ ಕೈಗವಸು ಕೇಳತಿದ್ರು."

"ನನ್ನ ಮುಂದ ಯಾಕ ಮಾಡ್ಲಿಲ್ಲ?"

"ನಾನೂ ಕೇಳಿದೆ. 'ಆಕಿ ನನ್ನ ರೊಟ್ಟಿ ತಿಂದ ದೊಡ್ಡಾಕಿ ಆದಾಕಿ. ಆಕಿ ಮುಂದ ಇಂಥಾ ರೊಟ್ಟಿ ಹ್ಯಾಂಗ ಇಡ್ಲಿ' ಅಂದ್ರು."

"ಕೆಟ್ಟದ್ದನ್ನ ಅಲ್ಲೇ ಕೆಳಗ ಬಿಟ್ಟಿದ್ರ ಐದ ನಿಮಿಷದಾಗ ತಾನ ಮಾಯ ಆಗತಿತ್ತಲ್ಲ. ಒಳಗ ಯಾಕ ಹಾಕಿದ್ಲು?"

ರುಕ್ಸಾನಾ ನಕ್ಕಳು. "ಅದನ್ನೂ ಹೇಳಿದ್ನಿರಿ. ಬೈದ್ರು. 'ಅನ್ನ ನೆಲಕ್ಕ ಚೆಲ್ಲು ಅಂತೀಯೇನ? ಆಟದ್ದಾದ್ರೇನು, ಅನ್ನ ಅನ್ನನ' ಅಂದ್ರು. ಒಂದ ಒಂದ ರೊಟ್ಟಿನೂ ಎರಡೂ ಕೈಲೆ ಎತ್ತಿ ಕಿಟಕ್ಯಾಗ ಇಟ್ಟು ಬರತಿದ್ರು. ಉಗ್ರಾಣ ತುಂಬತೈತಿ ಅಂತ ನನಗ ತಿಳಿಬೇಕಿತ್ತು."

ಅಂದು ನೀಲಗಂಗಾ ಒಂದು ಗಂಟೆಗೆ ಏಳಲಿಲ್ಲ. ಒಂದೂವರೆಯವರೆಗೂ ಕೂತು ಹೊಸೂರಿನಲ್ಲಿ ಒಂದು ಹೊಸ ಕೋಣೆ ಕಟ್ಟಿದಳು. ಗೋಡೆಯಿಂದ ಗೋಡೆಗೆ ಖಾನೆಗಳು. ಒಂದು ರೊಟ್ಟಿಗೆ ಒಂದು ಖಾನೆ, ಪ್ರತಿ ಖಾನೆಗೆ ಒಂದು ಸಣ್ಣ ದೀಪ. ಜಾಣ ಉಗ್ರಾಣದವರು ಯಾರೂ ಹೀಗೆ ಕಟ್ಟುವುದಿಲ್ಲ. ಇಷ್ಟು ಜಾಗ ದಂಡ ಮಾಡಿದ್ದನ್ನು ಕಂಡಿದ್ದರೆ ಅವಳ ಹಳೆಯ ಸಾಹೇಬರು ನೋಟೀಸು ಕೊಡುತ್ತಿದ್ದರು. ಕೈಗುರುತು ಇರುವ ರೊಟ್ಟಿ ಕಿಟಕಿಗೆ ಬಂದರೆ ನೇರ ಇಲ್ಲಿಗೆ ಬರುವಂತೆ ತಂತಿ ಎಳೆದಳು. ನಾನೂರ ಹದಿನಾಲ್ಕನ್ನೂ ಬಂದ ಕ್ರಮದಲ್ಲೇ ಇಟ್ಟಳು. ನಾನೂರ ಹದಿನೈದನೆಯ ಖಾನೆಯ ಬಾಗಿಲು ತೆರೆದಿಟ್ಟು, ಅದರ ದೀಪ ಹಚ್ಚಿ, ಒಂದು ಚೀಟಿ ಅಂಟಿಸಿದಳು: 'ಮುಂದಿನದು.' ಅದರ ಕೆಳಗೆ ಹೆಸರು ಬರೆಯಲಿಲ್ಲ.

ಆಮೇಲೆ ಅಕ್ಕನ ವಾರ್ಡಿನ ಮುಂದೆ ಹಾದು ಹೋಗುತ್ತ, ಬೇಕೆಂದೇ ಜೋರಾಗಿ, "ರುಕ್ಸಾನಾ, ನಾ ಮನಿಗೆ ಹೊಂಟೆವಾ, ಐದರ ತನಕ ಬರೂದಿಲ್ಲ" ಎಂದಳು. ಆಟೋ ಹತ್ತಿದಳು. ಹಿಂದೆ ತಿರುಗಿ ಕಿಟಕಿಯ ಕಡೆ ನೋಡಲಿಲ್ಲ.

ಮರುದಿನ ಮುಂಜಾನೆ ಬಂದಾಗ ಹದಿಮೂರು ಹೊಸ ಖಾನೆಗಳು ತುಂಬಿದ್ದವು. 'ಮುಂದಿನದು' ಎಂಬ ಚೀಟಿಯನ್ನು ಯಾರೋ ಕಿತ್ತು, ಹದಿನಾಲ್ಕನೆಯದಕ್ಕೆ ಅಂಟಿಸಿದ್ದರು. ಚೀಟಿ ಸ್ವಲ್ಪ ವಾಲಿತ್ತು. ಅದನ್ನು ಸರಿ ಮಾಡಲು ನೀಲಗಂಗಾಳ ಕೈ ಹೋಯಿತು, ಅರ್ಧಕ್ಕೆ ನಿಂತಿತು. ಹಾಗೆಯೇ ಬಿಟ್ಟಳು.

ಸಂಜೆ ಡಬ್ಬಿ ಬಿಚ್ಚಿದಾಗ ಇಬ್ಬರೂ ಆ ವಿಷಯ ಎತ್ತಲಿಲ್ಲ.

"ಇವತ್ತಿಂದು ಹರದಿಲ್ಲ," ಎಂದಳು ಕಾಶವ್ವ, ತಂಗಿಯ ರೊಟ್ಟಿಯನ್ನು ಬೆಳಕಿಗೆ ಹಿಡಿದು.

"ಸುಟ್ಟೈತಿ."

"ಸುಡ್ಲಿ ಬಿಡು. ಹರಿಯೂದು ನಿಂತಮ್ಯಾಲೆ ಸುಡೂದೂ ನಿಂದರತೈತಿ. ಎಸರು ಇನ್ನೊಂದೀಟ ಕುದಿಬೇಕು ನೋಡು. ಹಿಟ್ಟಿಗೆ ಅವಸರ ಮಾಡಬಾರ್ದು."

"ಯಾರರೆ ಕಲಿಸಿದ್ರ ಬರತಿತ್ತು."

"ನಿನ್ನ ಓದಾಕ ಕಳಿಸಿದ್ನಲ್ಲ," ಎಂದು ಕಾಶವ್ವ ನಕ್ಕಳು. ಆ ನಗುವಿನಲ್ಲಿ ಅವಳ ಬಲಗೈಯ ಹೆಬ್ಬೆರಳು ತೊಡೆಯ ಮೇಲೆ ಒಂದು ಸಲ ಅಲುಗಿತು. ಅವಳು ಸೆರಗನ್ನು ಅದರ ಮೇಲೆ ಎಳೆದುಕೊಂಡಳು. ನೀಲಗಂಗಾ ಡಬ್ಬಿಯೊಳಗೆ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದಳು.

ನೂರನೆಯ ದಿನ ಡಾಕ್ಟರು ಕೈಗೆ ಒಂದು ಅಳತೆಯ ಯಂತ್ರ ಕಟ್ಟಿ, ಬಿಗಿ ಹಿಡಿಯಲು ಹೇಳಿ, ಮುಳ್ಳು ನೋಡಿದರು. ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. "ಪೂರ್ತಿ ಬಂದಿಲ್ರಿ ಅಮ್ಮಾರ," ಎಂದರು. "ಆದ್ರ ಹೆಬ್ಬೆರಳು ಬಂದದ್ದು ಹ್ಯಾಂಗ ಅಂತ ನನಗ ತಿಳಿವಲ್ದು." ರುಕ್ಸಾನಾ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹೊರಡುವಾಗ ತುಕಾರಾಮ ಟೇಲರ್ ವಾರ್ಡಿನ ಬಾಗಿಲಿಗೆ ಬಂದು, ತಾವೇ ಗುಂಡಿ ಹಾಕಿಕೊಂಡಿದ್ದ ಅಂಗಿ ತೋರಿಸಿ, "ಕಾಶವ್ವಾರ, ಖಾನಾವಳಿ ತಗದ ದಿನ ಹೇಳಿ ಕಳಸ್ರಿ. ಸೊಟ್ಟ ರೊಟ್ಟಿ ಇದ್ರೂ ನಡೀತೈತಿ, ನನ್ನ ಅಂಗೀನೂ ಸೊಟ್ಟ ಐತಿ" ಎಂದರು. ಕಾಶವ್ವ ತಂಗಿಯ ಕಡೆ ಒಮ್ಮೆ ಚುರುಕಾಗಿ ನೋಡಿದಳು. ನೀಲಗಂಗಾ ಚೀಲಕ್ಕೆ ಬಟ್ಟೆ ತುಂಬುವುದರಲ್ಲಿ ಮುಳುಗಿದ್ದಳು.

ಮನೆಗೆ ಬಂದ ಮರುದಿನ ಮುಂಜಾನೆ ನೀಲಗಂಗಾಳಿಗೆ ಎಚ್ಚರವಾದದ್ದು ಸಪ್ಪಳದಿಂದ. ಅವಳಿಗೆ ಗೊತ್ತಿದ್ದ ಸಪ್ಪಳ ಅದಲ್ಲ. ಹಿಂದಿನದು ಒಂದೇ ಲಯದಲ್ಲಿ ಓಡುತ್ತಿತ್ತು. ಇದು ಎರಡು ಸಲ ಬಡಿದು ನಿಲ್ಲುತ್ತಿತ್ತು, ಒಂದು ಉಸಿರು ತೆಗೆದುಕೊಂಡು ಮೂರನೆಯದು ಬಡಿಯುತ್ತಿತ್ತು. ನಡುವೆ ಒಮ್ಮೆ ಏನೋ ಕೆಳಗೆ ಬಿತ್ತು. "ಹಾಳಾಗ್ಲಿ" ಎಂಬ ಮಾತು ಕೇಳಿಸಿತು. ಮತ್ತೆ ಎರಡು. ಮತ್ತೆ ಒಂದು.

ಎದ್ದು ಹೋಗಬೇಕು, ಹಂಚು ಬಿಸಿ ಇದೆ, ಕೈ ಸುಟ್ಟುಕೊಂಡರೆ? ಎದ್ದು ಅಡುಗೆಮನೆಯ ಬಾಗಿಲಿನವರೆಗೆ ಹೋದಳು. ಅಕ್ಕನ ಬೆನ್ನು ಕಂಡಿತು, ಹಿಟ್ಟು ಮೆತ್ತಿದ ಮೊಣಕೈ ಕಂಡಿತು. ಬೇರೆ ಯಾರೂ ನೋಡುತ್ತಿಲ್ಲ ಎಂದುಕೊಂಡಿರುವವರ ಬೆನ್ನು ಅದು. ನೀಲಗಂಗಾ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಳು. ಶಾಲೆಯ ಹುಡುಗಿಯ ಹಾಗೆ ಕಾಲು ಮಡಿಚಿ.

ಆಗ ಒದ್ದೆ ಬಟ್ಟೆ ಹಂಚಿಗೆ ತಾಗಿದ ಚುಂಯ್ ಸಪ್ಪಳ ಬಂತು. ಹಿಂದೆಯೇ ಆ ವಾಸನೆ ಬಂತು. ಅವಳು ಉಸಿರು ಹಿಡಿದಳು.

ಕಾಶವ್ವ ಗೋಡೆ ಹಿಡಿಯುತ್ತ ನಿಧಾನವಾಗಿ ಬಂದಳು. ತಂಗಿಯ ಮುಂದೆ ನಿಂತು, ಎಡಗೈಯಲ್ಲಿದ್ದ ತಾಟನ್ನು ಬಲಗೈಗೆ ದಾಟಿಸಿಕೊಂಡಳು. ತಾಟಿನಲ್ಲಿ ಒಂದು ರೊಟ್ಟಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂಚಿನಲ್ಲಿ ಹೆಬ್ಬೆರಳಿನ ಕುಳಿ. ಕುಳಿಯಲ್ಲಿ ಬೆಣ್ಣೆ. ಬಲಗೈ ನಡುಗುತ್ತ ಮುಂದೆ ಬಂತು. ನೀಲಗಂಗಾ ಎದ್ದು ಹಿಡಿಯಲಿಲ್ಲ, ಅರ್ಧ ದಾರಿಗೆ ಕೈ ಚಾಚಲೂ ಇಲ್ಲ. ತಾಟು ಪೂರ್ತಿ ತನ್ನ ಮುಂದೆ ಬರುವವರೆಗೆ ಕಾದು, ಎರಡೂ ಕೈಯಿಂದ ತೆಗೆದುಕೊಂಡಳು.